ಲೈಫ್‌ಬೋಟ್ ಸ್ಟೇಷನ್ನಿಗೆ ಸ್ವಯಂಸೇವಕರು ಬೇಕಂತೆ, ಕಡಲು ಗೊತ್ತಿಲ್ಲದವಳು ಸೇರಬಹುದಾ?

ಡೆವನ್_ಹೊಸಬಳು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾವು ಈಚೆಗೆ ಇಂಗ್ಲೆಂಡಿನ ಡೆವನ್ ಕರಾವಳಿಯ ಒಂದು ಸಣ್ಣ ಊರಿಗೆ ಬಂದಿದ್ದೇವೆ. ಮನೆಯಿಂದ ನಾಲ್ಕು ಹೆಜ್ಜೆ ಇಳಿದರೆ ಆರ್‌ಎನ್‌ಎಲ್‌ಐ ಅನ್ನುವ ಸಂಸ್ಥೆಯ ಲೈಫ್‌ಬೋಟ್ ಸ್ಟೇಷನ್, ಅಂದರೆ ಕಡಲಲ್ಲಿ ಅಪಾಯಕ್ಕೆ ಸಿಕ್ಕವರನ್ನು ಉಳಿಸುವ ದೋಣಿಯ ನೆಲೆ. ಅದರ ಬಾಗಿಲಿಗೆ "ಸ್ವಯಂಸೇವಕರು ಬೇಕಾಗಿದ್ದಾರೆ" ಅಂತ ಬೋರ್ಡ್ ಹಾಕಿದ್ದಾರೆ. ಹಗಲು ಊರಲ್ಲೇ ಇರುವವರು ಸಿಗುವುದು ಕಷ್ಟವಂತೆ. ನಾನು ಮನೆಯಿಂದಲೇ ಆಫೀಸ್ ಕೆಲಸ ಮಾಡುವವಳು. ಹಾಗಾಗಿ ತಲೆಯಲ್ಲಿ ಹುಳ ಹೊಕ್ಕಿದೆ.

ಆದರೆ ನನಗೆ ದೋಣಿ ಗೊತ್ತಿಲ್ಲ. ಈಜು ಬರುತ್ತದೆ, ಅದೂ ಈಜುಕೊಳದಲ್ಲಿ ಮಾತ್ರ. ಇಬ್ಬರು ಸಣ್ಣ ಮಕ್ಕಳಿದ್ದಾರೆ. ಗಂಡ "ನಿನಗೇನು ಹುಚ್ಚಾ" ಅಂತ ಒಂದೇ ಮಾತು ಹೇಳಿ ಟಿವಿ ಹಾಕಿದರು.

ಇದು ಸರ್ಕಾರದ್ದೇ ಅಲ್ವಾ? ದುಡ್ಡು ಯಾರು ಕೊಡುತ್ತಾರೆ? ಮೀಟಿಂಗ್ ಮಧ್ಯೆ ಅವರು ಕರೆ ಕಳಿಸುವ ಪೇಜರ್ ಹೊಡೆದರೆ ಏನು ಮಾಡಬೇಕು? ಸ್ಕಿಲ್ಡ್ ವರ್ಕರ್ ವೀಸಾದವರು ಸೇರಬಹುದಾ? ನನ್ನಂಥವರಿಗೆ ಅಲ್ಲಿ ನಿಜವಾಗಿ ಕೆಲಸ ಇದೆಯಾ, ಅಥವಾ ಸುಮ್ನೆ ದಾರಿಗೆ ಅಡ್ಡ ನಿಂತ ಹಾಗಾಗುತ್ತದಾ? ಗೊತ್ತಿರುವವರು ಹೇಳಿ.

ಲೆಕ್ಕದವನು ಉತ್ತರಿಸಿದ್ದು:

ವೀಸಾ ವಿಷಯ ಸುಲಭ. ಸ್ಕಿಲ್ಡ್ ವರ್ಕರ್ ವೀಸಾದಲ್ಲಿ ಸ್ವಯಂಸೇವೆಗೆ ಅವಕಾಶ ಇದೆ. ಸರ್ಕಾರದ ವೆಬ್‌ಸೈಟಿನಲ್ಲೇ ಬರೆದಿದ್ದಾರೆ.

ಉಳಿದದ್ದು ನನ್ನ ತಕರಾರು. ಇಷ್ಟು ತೆರಿಗೆ ಕಟ್ಟುತ್ತೇವೆ. ಬೆಂಕಿ ಬಿದ್ದರೆ ಸಂಬಳ ತಗೊಳ್ಳುವ ಅಗ್ನಿಶಾಮಕ ದಳ ಬರುತ್ತದೆ. ನೀರಿಗೆ ಬಿದ್ದರೆ ಮಾತ್ರ ಪ್ಲಂಬರ್, ಟೀಚರ್ ಎಲ್ಲ ಊಟ ಬಿಟ್ಟು ಓಡಿ ಬರಬೇಕಾ? ಸರ್ಕಾರ ಮಾಡಬೇಕಾದ ಕೆಲಸವನ್ನು ಚಾರಿಟಿ ತಲೆಗೆ ಕಟ್ಟಿದ್ದಾರೆ ಅಂತ ನನಗನ್ನಿಸುತ್ತದೆ.

ಟ್ರ್ಯಾಕ್ಟರ್_ಚಾಲಕ ಉತ್ತರಿಸಿದ್ದು:

ನಾನು ಇದೇ ಆರ್‌ಎನ್‌ಎಲ್‌ಐನ ಬೇರೊಂದು ಸ್ಟೇಷನ್ನಿನಲ್ಲಿ ಶೋರ್ ಕ್ರೂ. ಅಂದರೆ ದಡದವನು. ಹೊಟ್ಟೆಪಾಡಿಗೆ ಫಾರ್ಮಸಿಸ್ಟ್. ಸಂಜೆ ಮತ್ತು ವಾರದ ಕೊನೆಯಲ್ಲಿ ದೋಣಿಯನ್ನು ನೀರಿಗೆ ಇಳಿಸುವ ಟ್ರ್ಯಾಕ್ಟರ್ ಓಡಿಸುತ್ತೇನೆ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಿ.

ಮೊದಲು ಇದು ಸರ್ಕಾರದ್ದಾ ಅನ್ನುವುದು. ಕೋಸ್ಟ್‌ಗಾರ್ಡ್ ಸರ್ಕಾರದ್ದು, ಆರ್‌ಎನ್‌ಎಲ್‌ಐ ಅಲ್ಲ, ಅದು ಚಾರಿಟಿ. ಇಲ್ಲಿಯ ತುರ್ತು ಸಂಖ್ಯೆ 999ಕ್ಕೆ ಫೋನ್ ಮಾಡಿ "ಕೋಸ್ಟ್‌ಗಾರ್ಡ್" ಅಂತ ಕೇಳಿದರೆ ಎತ್ತುವವರು ಅವರು. ದೋಣಿಯವರು ರೇಡಿಯೋದ ವಿಎಚ್‌ಎಫ್ ಚಾನೆಲ್ 16ರಲ್ಲಿ ಸಹಾಯಕ್ಕೆ ಕೂಗಿದರೆ ಕೇಳಿಸಿಕೊಳ್ಳುವವರೂ ಅವರೇ. ಹೆಲಿಕಾಪ್ಟರ್ ಕಳಿಸುವುದಾ, ಲೈಫ್‌ಬೋಟ್ ಕರೆಯುವುದಾ ಅಂತ ಅವರು ನೋಡುತ್ತಾರೆ. ಲೈಫ್‌ಬೋಟ್ ಬೇಕು ಅನ್ನಿಸಿದರೆ ಸ್ಟೇಷನ್ನನ್ನು ಕೇಳುತ್ತಾರೆ. ಹೌದು, ಕೇಳುತ್ತಾರೆ. ದೋಣಿ ಬಿಡಲು ಒಪ್ಪಿಗೆ ಕೊಡುವವರು ಸ್ಟೇಷನ್ನಿನ ಲೈಫ್‌ಬೋಟ್ ಆಪರೇಷನ್ಸ್ ಮ್ಯಾನೇಜರ್, ಅಥವಾ ಅವರ ಜಾಗದಲ್ಲಿ ಆ ಹೊತ್ತಿಗೆ ಹೊಣೆ ಹೊತ್ತವರು. ಅವರೂ ಸ್ವಯಂಸೇವಕರೇ. ಹವಾಮಾನ, ಉಬ್ಬರ ಇಳಿತ, ಬಂದಿರುವ ಜನ ಎಲ್ಲ ನೋಡಿ ಹೂಂ ಅನ್ನುತ್ತಾರೆ. ಆಮೇಲೆ ದೋಣಿಯ ಮೇಲೆ ಅದರ ಮುಖ್ಯಸ್ಥರು (ದೊಡ್ಡ ದೋಣಿಯಲ್ಲಿ ಕಾಕ್ಸನ್, ಸಣ್ಣದರಲ್ಲಿ ಹೆಲ್ಮ್ ಅಂತಾರೆ) ಹೇಳಿದ್ದೇ ಕೊನೆ ಮಾತು.

ಇನ್ನು ಲೆಕ್ಕದವರ ತಕರಾರು. ನ್ಯಾಯವಾದದ್ದೇ. ಈ ಸಂಸ್ಥೆ ಶುರುವಾದದ್ದು 1824ರ ಮಾರ್ಚ್ 4ರಂದು, ಲಂಡನ್ನಿನ ಒಂದು ಟಾವರ್ನ್‌ನಲ್ಲಿ ನಡೆದ ಸಭೆಯಲ್ಲಿ. ಹಿಂದೆ ಬಿದ್ದು ಮಾಡಿಸಿದವರು ಸರ್ ವಿಲಿಯಂ ಹಿಲರಿ. ಅವರಿದ್ದದ್ದು ಐಲ್ ಆಫ್ ಮ್ಯಾನ್ ದ್ವೀಪದ ಡಗ್ಲಸ್‌ನಲ್ಲಿ. ಕಣ್ಣೆದುರೇ ಹಡಗು ಒಡೆದು ಜನ ಸಾಯುವುದನ್ನು ನೋಡಿದ್ದರು. ಮೊದಲು ನೌಕಾಪಡೆಯನ್ನು ಕೇಳಿದರು. ಅಲ್ಲಿ ಕೆಲಸ ಆಗಲಿಲ್ಲ. ಆಮೇಲೆ ದುಡ್ಡಿದ್ದವರ ಬಾಗಿಲು ತಟ್ಟಿದರು. ಅಂದಿನಿಂದ ಹೀಗೇ ನಡೆದುಬಂದಿದೆ. ಹಿಲರಿ ಅವರಿಗೆ ಈಜು ಬರುತ್ತಿರಲಿಲ್ಲ ಅಂತ ಹೇಳುತ್ತಾರೆ. ಆದರೂ ಸುಮಾರು 60ರ ವಯಸ್ಸಿನಲ್ಲಿ, 1830ರಲ್ಲಿ, ಬಿರುಗಾಳಿಗೆ ದೋಣಿ ಹತ್ತಿ ಹೋಗಿದ್ದರು. ನೀವು ಅಷ್ಟೆಲ್ಲ ಮಾಡಬೇಕಿಲ್ಲ.

ಸರ್ಕಾರ ವಹಿಸಿಕೊಳ್ಳಲಿ ಅನ್ನುವವರು ನಮ್ಮ ಸ್ಟೇಷನ್ನಿನಲ್ಲೂ ಇದ್ದಾರೆ. ನಾನು ಆ ಪಕ್ಷದವನಲ್ಲ. ಸಂಬಳ ಕೊಟ್ಟು ಮಾಡಿಸುವ ಜಾಗಗಳೂ ಇವೆ. ಲಂಡನ್ನಿನ ಥೇಮ್ಸ್ ನದಿಯ ಟವರ್ ಸ್ಟೇಷನ್ನಿನಲ್ಲಿ ಪೂರ್ಣಾವಧಿ ಸಿಬ್ಬಂದಿ ಇದ್ದಾರೆ. ಅಲ್ಲಿ ಕರೆ ಅಷ್ಟು ಜಾಸ್ತಿ. ಬೀಚಿನ ಲೈಫ್‌ಗಾರ್ಡ್‌ಗಳಿಗೂ ಸಂಬಳ ಇದೆ. ಆದರೆ ಒಟ್ಟು 238 ಸ್ಟೇಷನ್ನುಗಳಿವೆ. ಎಷ್ಟೋ ಕಡೆ ವಾರಗಟ್ಟಲೆ ಪೇಜರ್ ಸುಮ್ಮನಿರುತ್ತದೆ. ಅಲ್ಲೆಲ್ಲ ಹಗಲು ರಾತ್ರಿ ಸಂಬಳದ ಜನ ಕೂರಿಸಬೇಕು ಅಂದರೆ ಮೊದಲು ಮುಚ್ಚುವುದು ಸಣ್ಣ ಊರಿನ ಸ್ಟೇಷನ್ನುಗಳೇ. ಇದು ನನ್ನ ಅಭಿಪ್ರಾಯ, ಒಪ್ಪಬೇಕು ಅಂತೇನಿಲ್ಲ.

ಈಗ ನಿಮ್ಮ ನಿಜವಾದ ಪ್ರಶ್ನೆ. ಅಲ್ಲಿ ನಿಮಗೆ ಕೆಲಸ ಇದೆಯಾ?

ಜನ ಫೋಟೋದಲ್ಲಿ ನೋಡುವುದು ಅಲೆ ಸೀಳಿಕೊಂಡು ಹೋಗುವ ಕಿತ್ತಳೆ ಬಣ್ಣದ ದೋಣಿ, ಹಳದಿ ಬಟ್ಟೆ. ನಮ್ಮಲ್ಲಿರುವುದು ಅಟ್ಲಾಂಟಿಕ್ 85. ಗಾಳಿ ತುಂಬಿದ ಅಂಚಿನ ಗಟ್ಟಿ ತಳದ ದೋಣಿ. 115 ಅಶ್ವಶಕ್ತಿಯ ಎರಡು ಎಂಜಿನ್, 35 ನಾಟ್ ವೇಗ, ಅಂದರೆ ಗಂಟೆಗೆ ಸುಮಾರು 65 ಕಿಲೋಮೀಟರ್. ಅದರ ಮೇಲೆ ಹೋಗುವವರು ಮೂರು ನಾಲ್ಕು ಜನ. ಆ ಮೂರು ನಾಲ್ಕು ಜನ ನೀರಿಗೆ ಇಳಿಯಬೇಕಾದರೆ ದಡದಲ್ಲಿ ಅಷ್ಟೇ ಜನ ಬೇಕು, ಒಮ್ಮೊಮ್ಮೆ ಇನ್ನೂ ಹೆಚ್ಚು. ಟ್ರ್ಯಾಕ್ಟರ್ ಓಡಿಸಲು ಒಬ್ಬರು. ಸ್ಲಿಪ್‌ವೇ (ದೋಣಿ ನೀರಿಗಿಳಿಸುವ ಇಳಿಜಾರು) ಮೇಲೆ ಅಡ್ಡ ಬರುವ ಜನರನ್ನು, ನಾಯಿಗಳನ್ನು, ಐಸ್‌ಕ್ರೀಮ್ ಹಿಡಿದು ವಿಡಿಯೋ ಮಾಡುವವರನ್ನು ಸರಿಸಲು ಒಬ್ಬರು. ಸೊಂಟದುದ್ದ ನೀರಿನಲ್ಲಿ ನಿಂತು ಹಗ್ಗ, ಕೊಂಡಿ ನೋಡಲು ಇಬ್ಬರು. ರೇಡಿಯೋ ಮುಂದೆ ಕೂತು ಬರೆದುಕೊಳ್ಳಲು ಒಬ್ಬರು. ಇವರಲ್ಲಿ ಒಬ್ಬರು ಕಡಿಮೆಯಾದರೂ ದೋಣಿ ಹೊರಡುವುದು ತಡ.

ಆ ಟ್ರ್ಯಾಕ್ಟರ್ ಹೊಲದ ಟ್ರ್ಯಾಕ್ಟರ್ ಅಲ್ಲ. ನೀರು ಒಳಗೆ ಹೋಗದ ಹಾಗೆ ಮಾಡಿರುವ ದೊಡ್ಡ ಯಂತ್ರ. ಗಾಡಿಯ ಮೇಲೆ ಕೂತ ದೋಣಿಯನ್ನು ನಾವು ಅಲೆಯೊಳಗೆ ದೂಡುತ್ತೇವೆ. ಹೆಲ್ಮ್ ಅಲೆ ಎಣಿಸುತ್ತಾ ಕೂರುತ್ತಾರೆ. ಕೈ ಎತ್ತಿದ ಕೂಡಲೇ ಬಿಡಬೇಕು. ಕ್ಯಾಬ್ ಕಿಟಕಿಗೆ ನೀರು ಬಡಿಯುತ್ತಿರುತ್ತದೆ. ಮೊದಮೊದಲು ಹೆದರಿಕೆ ಆಗುತ್ತಿತ್ತು. ಈಗಲೂ ಆಗುತ್ತದೆ, ಆದರೆ ಕೈ ತನ್ನ ಪಾಡಿಗೆ ಕೆಲಸ ಮಾಡುತ್ತದೆ.

ದೋಣಿ ಹೋದ ಮೇಲೆ ಕಾಯುವುದು. ಇದನ್ನು ಯಾರೂ ಹೇಳುವುದಿಲ್ಲ. ಮಳೆಯಲ್ಲಿ, ರಾತ್ರಿ ಎರಡು ಗಂಟೆಗೆ, ರೇಡಿಯೋದಲ್ಲಿ ಅರ್ಧಂಬರ್ಧ ಕೇಳಿಸಿಕೊಳ್ಳುತ್ತಾ ನಿಲ್ಲುವುದು. ವಾಪಸ್ ಬಂದ ಮೇಲೆ ನಿಜವಾದ ದುಡಿಮೆ. ಉಪ್ಪು ನೀರು ಎಲ್ಲವನ್ನೂ ತಿನ್ನುತ್ತದೆ. ದೋಣಿ, ಗಾಡಿ, ಟ್ರ್ಯಾಕ್ಟರ್, ಡ್ರೈಸೂಟ್, ಲೈಫ್‌ಜಾಕೆಟ್, ಹೆಲ್ಮೆಟ್ ಎಲ್ಲವನ್ನೂ ಸಿಹಿ ನೀರಿನಲ್ಲಿ ತೊಳೆಯಬೇಕು. ಪೆಟ್ರೋಲ್ ತುಂಬಬೇಕು. ಬಳಸಿದ ಸಾಮಾನನ್ನು ಅದರದರ ಜಾಗಕ್ಕೆ ಇಡಬೇಕು. ಇದು ಮುಗಿದ ಮೇಲಷ್ಟೇ ಕೋಸ್ಟ್‌ಗಾರ್ಡ್‌ಗೆ "ಮತ್ತೆ ಸಿದ್ಧ" ಅಂತ ಹೇಳುವುದು. ಹಬ್ಬದ ಊಟಕ್ಕಿಂತ ಪಾತ್ರೆ ತೊಳೆಯುವುದೇ ಜಾಸ್ತಿ ಹೊತ್ತು ಹಿಡಿಯುತ್ತದಲ್ಲ, ಹಾಗೆ. ನಿಮ್ಮ ಕೈ ಬೇಕಾಗಿರುವುದು ಇಲ್ಲಿ.

ದೋಣಿ ಗೊತ್ತಿಲ್ಲ ಅಂತ ಕೊರಗಬೇಡಿ. ಕ್ರೂ ಸೇರುವವರಲ್ಲಿ ಕಡಲ ಕೆಲಸದ ಹಿನ್ನೆಲೆ ಇರುವವರು ಹತ್ತರಲ್ಲಿ ಒಬ್ಬರು ಅಷ್ಟೇ. ಉಳಿದವರಿಗೆಲ್ಲ ಗಂಟು ಹಾಕುವುದರಿಂದ ಶುರು. ದೋಣಿ ಮೇಲೆ ಹೋಗುವವರನ್ನು ಡಾರ್ಸೆಟ್‌ನ ಪೂಲ್ ಅನ್ನುವ ಊರಿನಲ್ಲಿರುವ ಆರ್‌ಎನ್‌ಎಲ್‌ಐ ಕಾಲೇಜಿಗೆ ಕಳಿಸುತ್ತಾರೆ. ಅಲ್ಲೊಂದು ದೊಡ್ಡ ಕೊಳ ಇದೆ. ದೀಪ ಆರಿಸಿ, ಅಲೆ ಎಬ್ಬಿಸಿ, ಕತ್ತಲಲ್ಲಿ ಮಗುಚಿದ ದೋಣಿಯ ಅಡಿಯಿಂದ ಹೊರಗೆ ಬರುವುದನ್ನು ಕಲಿಸುತ್ತಾರೆ. ದಡದವರಿಗೆ ಅದರ ಅಗತ್ಯ ಇಲ್ಲ. ಟ್ರ್ಯಾಕ್ಟರ್ ಕಲಿಯಬೇಕು, ಪ್ರಥಮ ಚಿಕಿತ್ಸೆ ಕಲಿಯಬೇಕು.

ಪೇಜರ್ ವಿಷಯ. ಯಾವಾಗ ಬರಲು ಆಗುತ್ತದೆ, ಯಾವಾಗ ಆಗುವುದಿಲ್ಲ ಅಂತ ಮೊದಲೇ ತಿಳಿಸಿರಬೇಕು. ಔಷಧಿ ಅಂಗಡಿಯಲ್ಲಿ ನಾನೊಬ್ಬನೇ ಫಾರ್ಮಸಿಸ್ಟ್ ಇದ್ದಾಗ ಬಿಟ್ಟು ಓಡುವ ಹಾಗಿಲ್ಲ. ಆಗ ನನ್ನನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ನೀವು ಸೇರುವ ಮೊದಲೇ ನಿಮ್ಮ ಆಫೀಸಿನ ಮ್ಯಾನೇಜರ್ ಹತ್ತಿರ ಮಾತಾಡಿ. "ಕ್ಯಾಮೆರಾ ಆಫ್ ಮಾಡಿ ಎದ್ದು ಹೋದರೆ ಹುಡುಕಬೇಡಿ" ಅಂತ ಬಾಯಿಬಿಟ್ಟು ಹೇಳಿ, ಇಮೇಲಲ್ಲೂ ಹಾಕಿ. ಇನ್ನೊಂದು ಮಾತು. ಪೇಜರ್ ಹೊಡೆಯಿತು ಅಂತ ನಿಮ್ಮ ಕಾರಿಗೆ ನೀಲಿ ದೀಪ ಬರುವುದಿಲ್ಲ. ಸಿಗ್ನಲ್, ವೇಗದ ಮಿತಿ ಎಲ್ಲ ಎಲ್ಲರ ಹಾಗೇ. ನಿಮ್ಮದು ನಡೆದು ಹೋಗುವ ದೂರ. ಚಿನ್ನದಂಥ ವಿಳಾಸ ಅದು.

ಡೆವನ್_ಹೊಸಬಳು:

ಇಷ್ಟು ವಿವರವಾಗಿ ಬರೆದಿರಲ್ಲ, ತುಂಬಾ ಥ್ಯಾಂಕ್ಸ್. ಗಂಡನಿಗೂ ಓದಿಸಿದೆ. ಅವರು ರಾತ್ರಿ ಕೂತು ಇಂಟರ್ನೆಟ್ಟಿನಲ್ಲಿ ಪೆನ್ಲೀ ದುರಂತ ಅಂತ ಹುಡುಕಿ ಓದಿ, ಬೆಳಗ್ಗೆ ಮುಖ ಊದಿಸಿಕೊಂಡು ಎದ್ದಿದ್ದಾರೆ. ಅದಕ್ಕೆ ಏನು ಹೇಳಲಿ? ಮತ್ತೆ, ಹೆಚ್ಚಾಗಿ ಯಾವ ಥರದ ಕರೆ ಬರುತ್ತದೆ? ದಿನಾ ಬಿರುಗಾಳಿಯೇ?

ಟ್ರ್ಯಾಕ್ಟರ್_ಚಾಲಕ:

ಪೆನ್ಲೀ ಓದಿದ್ದಾರೆ ಅಂದರೆ ಸುಳ್ಳು ಧೈರ್ಯ ಹೇಳುವುದಿಲ್ಲ. 1981ರ ಡಿಸೆಂಬರ್ 19. ಕಾರ್ನ್‌ವಾಲ್‌ನ ಮೌಸ್‌ಹೋಲ್ ಊರಿನ ಸಾಲೊಮನ್ ಬ್ರೌನ್ ಅನ್ನುವ ಲೈಫ್‌ಬೋಟ್. ಎಂಜಿನ್ ಕೆಟ್ಟು ಬಂಡೆಗಳ ಕಡೆ ತೇಲುತ್ತಿದ್ದ ಯೂನಿಯನ್ ಸ್ಟಾರ್ ಹಡಗಿನ ಜನರನ್ನು ಕರೆತರಲು ಹೋಯಿತು. ಹೆಲಿಕಾಪ್ಟರ್ ಪ್ರಯತ್ನಿಸಿ ಕೈಚೆಲ್ಲಿತ್ತು. ನಾಲ್ಕು ಜನರನ್ನು ದೋಣಿಗೆ ಹತ್ತಿಸಿಕೊಂಡೆವು ಅಂತ ರೇಡಿಯೋದಲ್ಲಿ ಹೇಳಿದರು. ಉಳಿದವರಿಗಾಗಿ ಮತ್ತೆ ಹೋದರು. ಲೈಫ್‌ಬೋಟಿನ ಎಂಟೂ ಜನ, ಹಡಗಿನ ಎಂಟೂ ಜನ, ಒಟ್ಟು 16 ಜನ ಸತ್ತರು. ಆ ರಾತ್ರಿ ಕಾಕ್ಸನ್ ಟ್ರೆವೆಲ್ಯನ್ ರಿಚರ್ಡ್ಸ್ ಒಂದೇ ಮನೆಯ ಇಬ್ಬರನ್ನು ಕರೆದೊಯ್ಯುವುದಿಲ್ಲ ಅಂತ ಒಬ್ಬ ಹುಡುಗನನ್ನು ದಡದಲ್ಲೇ ಬಿಟ್ಟಿದ್ದರು. ಅವನ ತಂದೆ ದೋಣಿಯಲ್ಲಿದ್ದರು.

ಪೂಲ್ ಊರಿನಲ್ಲಿ, ಹೀಗೆ ಜೀವ ಉಳಿಸಲು ಹೋಗಿ ಸತ್ತವರ ಸ್ಮಾರಕ ಇದೆ. ಅದರಲ್ಲಿ 600ಕ್ಕೂ ಹೆಚ್ಚು ಹೆಸರುಗಳಿವೆ. ಅಪಾಯ ಇಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಆದರೆ ನಿಮ್ಮ ಯಜಮಾನರಿಗೆ ಇದನ್ನೂ ಹೇಳಿ. ಸಾಲೊಮನ್ ಬ್ರೌನ್ ಮರದ ದೋಣಿ, ಮಗುಚಿದರೆ ತಾನಾಗಿ ನೇರ ಆಗುವ ಜಾತಿಯದಲ್ಲ. ಈಗಿನ ದೊಡ್ಡ ಆಲ್-ವೆದರ್ (ಎಂಥ ಹವೆಯಲ್ಲೂ ಹೋಗುವ) ದೋಣಿಗಳೆಲ್ಲ ಮಗುಚಿದರೂ ಕೆಲವೇ ಸೆಕೆಂಡಿನಲ್ಲಿ ತಾವಾಗಿ ತಿರುಗಿ ನಿಲ್ಲುತ್ತವೆ. ಲೈಫ್‌ಜಾಕೆಟ್ಟಿನ ಕತೆಯೂ ಹಾಗೇ. 1861ರಲ್ಲಿ ವಿಟ್‌ಬಿಯಲ್ಲಿ ಲೈಫ್‌ಬೋಟ್ ಮಗುಚಿ 13 ಜನರಲ್ಲಿ 12 ಜನ ಹೋದರು. ಉಳಿದವರು ಹೆನ್ರಿ ಫ್ರೀಮನ್ ಒಬ್ಬರೇ. ಹೊಸದಾಗಿ ಬಂದಿದ್ದ ಕಾರ್ಕ್ ಜಾಕೆಟ್ ಹಾಕಿಕೊಂಡಿದ್ದವರೂ ಅವರೊಬ್ಬರೇ. ಇಲ್ಲಿ ಪ್ರತಿಯೊಂದು ನಿಯಮದ ಹಿಂದೆ ಇಂಥ ಒಂದು ದಿನ ಇದೆ. ಬಕಲ್ ಸರಿಯಾಗಿ ಹಾಕಿಲ್ಲ ಅಂತ ಹಿರಿಯರು ಬೈದರೆ ಬೇಜಾರು ಮಾಡಿಕೊಳ್ಳಬೇಡಿ. ಮೇಲಾಗಿ ನಾನು ನಿಮಗೆ ಹೇಳುತ್ತಿರುವುದು ದಡದ ಕೆಲಸ. ಮಕ್ಕಳು ದೊಡ್ಡವರಾದ ಮೇಲೆ ದೋಣಿ ಹತ್ತಬೇಕು ಅನ್ನಿಸಿದರೆ ಆಗ ನೋಡಿಕೊಳ್ಳಬಹುದು.

ಕರೆಗಳು? ಬಿರುಗಾಳಿ ಅಪರೂಪ. ಬಿರುಗಾಳಿಯಲ್ಲಿ ಜನ ಮನೆಯಲ್ಲಿರುತ್ತಾರೆ. ಬಿಸಿಲು ಬಂತೋ, ನಮಗೆ ಕೆಲಸ. ಎಂಜಿನ್ ನಿಂತ ದೋಣಿಯನ್ನು ಎಳೆದು ತರುವುದೇ ಜಾಸ್ತಿ. ಇಂಧನ ಮುಗಿದಿರುತ್ತದೆ, ಇಲ್ಲವೇ ಪ್ರೊಪೆಲರ್‌ಗೆ ಹಗ್ಗ ಸುತ್ತಿರುತ್ತದೆ. ಆಮೇಲೆ ಉಬ್ಬರ ಏರಿ ಬಂಡೆ ಬುಡದಲ್ಲಿ ಸಿಕ್ಕಿಕೊಂಡವರು. ದಡದಿಂದ ಕಡಲಿನ ಕಡೆ ಗಾಳಿ ಬೀಸುವ ದಿನ ಇನ್ನೊಂದು ಮೋಸ. ಆ ದಿನ ನೀರು ಚಪ್ಪಟೆಯಾಗಿ, ಶಾಂತವಾಗಿ ಕಾಣುತ್ತದೆ. ಗಾಳಿ ತುಂಬಿದ ಹಾಸಿಗೆ ಮೇಲೆ ಮಗುವನ್ನು ಕೂರಿಸುತ್ತಾರೆ. ಅಪ್ಪ ತಿರುಗಿ ನೋಡುವಷ್ಟರಲ್ಲಿ ಮಗು ದೂರ. ಅಪ್ಪ ಹಿಂದೆ ಈಜುತ್ತಾನೆ. ಈಗ ನಾವು ಹುಡುಕಬೇಕಾದವರು ಇಬ್ಬರು. ನನಗೆ ಬಿರುಗಾಳಿಗಿಂತ ಇಂಥ ಭಾನುವಾರಗಳೇ ಹೆಚ್ಚು ಭಯ.

ನಾಯಿಗಳಿಗೂ ಹೋಗುತ್ತೇವೆ. ಜನ ನಗುತ್ತಾರೆ. ನಾವು ಹೋಗದಿದ್ದರೆ ನಾಯಿಯ ಮಾಲೀಕ ಇಳಿಯುತ್ತಾನೆ, ಅದಕ್ಕೇ.

ಕೆಲವೊಮ್ಮೆ ಜೀವ ಹೋದವರನ್ನು ತರಬೇಕಾಗುತ್ತದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಆಮೇಲೆ ಮಾತಾಡಿಸಲು ತರಬೇತಿ ಪಡೆದವರು ಬರುತ್ತಾರೆ, ಅದಕ್ಕೊಂದು ವ್ಯವಸ್ಥೆ ಇದೆ. ದಡದವರಿಗೂ ಅದು ಸಿಗುತ್ತದೆ. ಬೇಡ ಅನ್ನಬೇಡಿ.

ಡಬ್ಬಿ_ಅಲ್ಲಾಡಿಸುವವಳು:

ದುಡ್ಡಿನ ಪ್ರಶ್ನೆಗೆ ಯಾರೂ ಸರಿಯಾಗಿ ಉತ್ತರ ಕೊಡಲಿಲ್ಲ, ಟ್ರ್ಯಾಕ್ಟರ್ ಅಣ್ಣ ಮರೆತೇಬಿಟ್ಟರು. ನಾನು ಫಂಡ್‌ರೈಸಿಂಗ್ ಗುಂಪಿನವಳು, ಅದಕ್ಕೇ ಬಂದೆ.

ಬಹುಪಾಲು ಜನರ ದೇಣಿಗೆಯೇ. ಅದರಲ್ಲೂ ವಿಲ್‌ನಲ್ಲಿ ಬರೆದಿಟ್ಟು ಹೋಗುವ ಹಣ ದೊಡ್ಡದು. ಹತ್ತು ಸಲ ದೋಣಿ ಹೊರಟರೆ ಸುಮಾರು ಆರು ಸಲ ಆ ಹಣದಿಂದ ಅಂತ ಸಂಸ್ಥೆಯೇ ಹೇಳುತ್ತದೆ. ಎಷ್ಟೋ ದೋಣಿಗಳ ಮೇಲೆ ಹಾಗೆ ಹಣ ಬಿಟ್ಟುಹೋದವರ ಹೆಸರಿರುತ್ತದೆ. ಶಾನನ್ ಅನ್ನುವ ದೊಡ್ಡ ಜಾತಿಯ ಒಂದು ದೋಣಿಗೆ 20 ಲಕ್ಷ ಪೌಂಡಿಗೂ ಜಾಸ್ತಿ ಬೇಕು. ನಾವು ಡಬ್ಬಿಯಲ್ಲಿ ಕೂಡಿಸುವುದು ಅದರ ಮುಂದೆ ಚಿಲ್ಲರೆ. ಹೌದು, ಚಿಲ್ಲರೆಯೇ. ಆದರೆ ಗ್ಲೌಸು, ಬೂಟು, ಇಂಧನ ಅದರಲ್ಲೇ ಬರುತ್ತದೆ.

ಬೀದಿಯಲ್ಲಿ ಡಬ್ಬಿ ಹಿಡಿಯುವುದು ಶುರುವಾದದ್ದೂ ಲೈಫ್‌ಬೋಟಿಗಾಗಿಯೇ. 1886ರ ಡಿಸೆಂಬರಿನಲ್ಲಿ ಮೆಕ್ಸಿಕೋ ಅನ್ನುವ ಹಡಗಿನವರನ್ನು ಉಳಿಸಲು ಮೂರು ಊರಿನ ದೋಣಿಗಳು ಹೋದವು. ಲಿಥಮ್ ಊರಿನ ದೋಣಿ 12 ಜನರನ್ನೂ ಕರೆತಂದಿತು. ಸೇಂಟ್ ಆನ್ಸ್ ಮತ್ತು ಸೌತ್‌ಪೋರ್ಟ್ ದೋಣಿಗಳ 27 ಜನ ಹಿಂತಿರುಗಲಿಲ್ಲ. ಅವರ ಹೆಂಡತಿ ಮಕ್ಕಳ ಗತಿ ನೋಡಿದ ಚಾರ್ಲ್ಸ್ ಮಕಾರಾ ಅನ್ನುವವರು 1891ರಲ್ಲಿ ಮ್ಯಾಂಚೆಸ್ಟರ್ ಬೀದಿಗಳಲ್ಲಿ ಲೈಫ್‌ಬೋಟ್ ಮೆರವಣಿಗೆ ಮಾಡಿಸಿದರು. ಮೇಲಿನ ಕಿಟಕಿಯಲ್ಲಿ ನಿಂತವರ ದುಡ್ಡೂ ತಪ್ಪಿಸಿಕೊಳ್ಳಬಾರದು ಅಂತ ಉದ್ದ ಕೋಲಿಗೆ ಚೀಲ ಕಟ್ಟಿ ಚಾಚಿದರಂತೆ. ನನಗೆ ಆ ಕೋಲು ಬೇಕು. ನಮ್ಮೂರಿನವರು ಡಬ್ಬಿ ಕಂಡರೆ ರಸ್ತೆ ದಾಟುತ್ತಾರೆ.

ಹೊಸಬಳು, ಪೇಜರ್ ಬೇಡ ಅನ್ನಿಸಿದರೆ ನಮ್ಮ ಕಡೆ ಬನ್ನಿ. ಅಂಗಡಿ ನೋಡಿಕೊಳ್ಳುವವರೂ ಬೇಕು. ಮಕ್ಕಳನ್ನು ಕರೆದುಕೊಂಡೇ ಬರಬಹುದು.

ಲೆಕ್ಕದವನು:

ವಿಲ್ ವಿಷಯ ಗೊತ್ತಿರಲಿಲ್ಲ. ಸರಿ, ಇನ್ನೊಂದು. ಫ್ರಾನ್ಸ್ ಕಡೆಯಿಂದ ಇಂಗ್ಲಿಷ್ ಚಾನೆಲ್ ಕಡಲು ದಾಟಿ ರಬ್ಬರ್ ದೋಣಿಯಲ್ಲಿ ಬರುವ ವಲಸಿಗರನ್ನೂ ನೀವೇ ಕರೆತರುತ್ತೀರಲ್ಲ. ಅದಕ್ಕೆ ದೇಣಿಗೆ ನಿಲ್ಲಿಸಿದವರು ನನಗೆ ಗೊತ್ತು. ನೀವೇನಂತೀರಿ? ಜಗಳಕ್ಕೆ ಅಲ್ಲ, ಕುತೂಹಲಕ್ಕೆ.

ಟ್ರ್ಯಾಕ್ಟರ್_ಚಾಲಕ:

ಅಲ್ಲಿನ ಕೆಲಸ ಮಾಡುವುದು ಕೆಂಟ್ ಕಡೆಯ ಸ್ಟೇಷನ್ನುಗಳು. ನಾನು ಅಲ್ಲಿಯವನಲ್ಲ, ಆದ್ದರಿಂದ ಗೊತ್ತಿರುವಷ್ಟು ಹೇಳುತ್ತೇನೆ.

ಕಡಲಲ್ಲಿ ಅಪಾಯದಲ್ಲಿರುವವರನ್ನು ಉಳಿಸಬೇಕು, ಅವರು ಯಾವ ದೇಶದವರು, ಯಾಕೆ ಬಂದರು ಅಂತ ನೋಡಬಾರದು. ಇದು ಅಂತಾರಾಷ್ಟ್ರೀಯ ಕಾನೂನಿನಲ್ಲೇ ಇದೆ. ಕೋಸ್ಟ್‌ಗಾರ್ಡ್ ಕೇಳುತ್ತದೆ, ದೋಣಿ ಹೋಗುತ್ತದೆ. ದಡ ಮುಟ್ಟಿದ ಮೇಲೆ ಮುಂದಿನದು ಸರ್ಕಾರದ ಅಧಿಕಾರಿಗಳದ್ದು. ಪೇಜರ್ ಹೊಡೆದಾಗ ನನಗೆ ಗೊತ್ತಾಗುವುದು ಎಲ್ಲಿ, ಎಷ್ಟು ಜನ, ನೀರಲ್ಲಿದ್ದಾರಾ ಇಲ್ಲವಾ ಅಷ್ಟೇ. ಪಾಸ್‌ಪೋರ್ಟ್ ವಿವರ ಬರುವುದಿಲ್ಲ, ಬರಲೂಬಾರದು. 2021ರ ಜುಲೈನಲ್ಲಿ ಇದೇ ವಿಷಯಕ್ಕೆ ಟಿವಿಯಲ್ಲಿ, ಪತ್ರಿಕೆಯಲ್ಲಿ ಬಹಳ ಟೀಕೆ ಬಂತು. ಆಗ ಒಂದೇ ದಿನ 2 ಲಕ್ಷ ಪೌಂಡಿಗೂ ಮೀರಿ ಆನ್‌ಲೈನ್ ದೇಣಿಗೆ ಹರಿದುಬಂತು. ಅದೇ ವರ್ಷ ನವೆಂಬರ್ 24ರಂದು ಚಾನೆಲ್‌ನಲ್ಲಿ ಒಂದೇ ದೋಣಿಯ ಕನಿಷ್ಠ 27 ಜನ ಸತ್ತರು. ವಲಸೆ ನೀತಿಯ ಬಗ್ಗೆ ನಿಮಗೂ ನನಗೂ ಬೇರೆ ಬೇರೆ ಅಭಿಪ್ರಾಯ ಇರಬಹುದು. ಅದಕ್ಕೆ ಓಟು ಇದೆ. ಮುಳುಗುತ್ತಿರುವವರ ಮುಂದೆ ಆ ಚರ್ಚೆ ಬೇಡ.

ಇದರ ಬಗ್ಗೆ ಇಲ್ಲಿ ಇನ್ನು ಬರೆಯುವುದಿಲ್ಲ. ಬೇಕಾದರೆ ಬೇರೆ ಚರ್ಚೆ ಶುರು ಮಾಡಿ.

ಡೆವನ್_ಹೊಸಬಳು:

ಗಂಡ ಅರ್ಧ ಒಪ್ಪಿದ್ದಾರೆ. "ದೋಣಿ ಹತ್ತಲ್ಲ ಅಂತ ಬರೆದುಕೊಡು" ಅಂತಾರೆ. ಮುಂದಿನ ವಾರ ಹೋಗಿ ಕೇಳುತ್ತೇನೆ. ಹೋಗುವ ಮೊದಲು ಏನಾದರೂ ಕಲಿತಿರಬೇಕಾ?

ಟ್ರ್ಯಾಕ್ಟರ್_ಚಾಲಕ:

ಗಂಟು ಯೂಟ್ಯೂಬ್ ನೋಡಿ ಕಲಿಯಬೇಡಿ, ಸ್ಟೇಷನ್ನಿನವರು ಮತ್ತೆ ಬಿಡಿಸಿ ತಮ್ಮ ಥರ ಕಲಿಸುತ್ತಾರೆ. ಕಲಿಯುವುದಾದರೆ ಒಂದು ಕಲಿಯಿರಿ, ಮನೆಯವರಿಗೆಲ್ಲ ಕಲಿಸಿ. ಇಲ್ಲಿಯ ಕಡಲು ತಣ್ಣಗೆ. 15 ಡಿಗ್ರಿಗಿಂತ ಕಡಿಮೆ ಇರುವ ನೀರಿಗೆ ಥಟ್ಟನೆ ಬಿದ್ದರೆ ಉಸಿರು ತಾನಾಗಿ ಒಳಗೆ ಎಳೆಯುತ್ತದೆ, ಆಗಲೇ ನೀರು ಕುಡಿಯುವುದು. ಚೆನ್ನಾಗಿ ಈಜುವವರೂ ಅಲ್ಲೇ ಸೋಲುತ್ತಾರೆ. ಆಗ ಈಜಲು ಹೋಗಬಾರದು. ತಲೆ ಹಿಂದಕ್ಕೆ ಬಾಗಿಸಿ, ಕಿವಿ ನೀರಿನಲ್ಲಿ ಮುಳುಗಲಿ. ಕೈಕಾಲು ಮೆಲ್ಲಗೆ ಆಡಿಸುತ್ತಾ ತೇಲಬೇಕು. ಒಂದೂವರೆ ನಿಮಿಷದೊಳಗೆ ಆ ಗಾಬರಿ ಇಳಿಯುತ್ತದೆ. ಆಮೇಲೆ ಕೂಗಿ, ಇಲ್ಲವೇ ಈಜಿ. ಮಕ್ಕಳಿಗೆ ಈಜುಕೊಳದಲ್ಲೇ ಅಭ್ಯಾಸ ಮಾಡಿಸಿ.

ಉಳಿದಂತೆ, ಹಗಲು ಹೊತ್ತು ಬಾಗಿಲು ತೆಗೆದಿದ್ದರೂ ಒಳಗೆ ಇರುವುದು ಅಂಗಡಿಯವರು ಮಾತ್ರ ಇರಬಹುದು. ಅಭ್ಯಾಸದ ಸಂಜೆ ಯಾವುದು ಅಂತ ಅವರನ್ನು ಕೇಳಿಕೊಂಡು ಆ ದಿನ ಹೋಗಿ. ಲೈಫ್‌ಬೋಟ್ ಆಪರೇಷನ್ಸ್ ಮ್ಯಾನೇಜರ್ ಹತ್ತಿರ ಮಾತಾಡಬೇಕು ಅಂತ ಹೇಳಿ. ಮನೆ ಎಷ್ಟು ಹತ್ತಿರ, ಹಗಲು ಯಾವ ಯಾವ ಹೊತ್ತು ಸಿಗುತ್ತೀರಿ, ಮಕ್ಕಳನ್ನು ಸ್ಕೂಲಿನಿಂದ ಕರೆತರುವ ಹೊತ್ತು ಯಾವುದು ಅಂತ ಇದ್ದದ್ದು ಇದ್ದ ಹಾಗೆ ಹೇಳಿ. ಸಿಗದ ಹೊತ್ತನ್ನು ಮುಚ್ಚಿಟ್ಟರೆ ಅವರಿಗೆ ತೊಂದರೆ. ಹಳೇ ಬಟ್ಟೆ ಹಾಕಿಕೊಂಡು ಹೋಗಿ, ಟ್ರ್ಯಾಕ್ಟರಿನ ಗ್ರೀಸ್ ಏನು ಮಾಡಿದರೂ ಹೋಗಲ್ಲ.